ಬದನೆ ಗಿಡಕ್ಕೆ ಮೂರನೇ ಮೆಮೊ

ಇಂದು ಬೆಳಿಗ್ಗೆ ಹಾಲು ಕಾಯಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಎಂಟು ದಿನದ ಮೇಲೆ ಬಂದ ಕುಡಿಯುವ ನೀರನ್ನು ಇದ್ದಬದ್ದ ಬಿಂದಿಗೆಗೆಲ್ಲ ತುಂಬಿದೆ. ಮನೆಯವರ ಡಬ್ಬಿಗೆ ನಿಂಬೆ ಚಿತ್ರಾನ್ನ ಹಾಕಿ, ಅವರನ್ನು ಆರೂವರೆಯ ತಿರುಪ್ಪೂರು ವ್ಯಾನಿಗೆ ಹತ್ತಿಸಿದೆ. ಎರಡು ಸೀರೆಗೆ ಫಾಲ್ಸ್ ಹೊಲಿದೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟು ಇನ್ನೊಂದು ವಾರ ಬದುಕಿಸಿದೆ. ಆಮೇಲೆ ಎದುರು ಮನೆಯ ಮಹಡಿ ಹತ್ತಿ, ಅರವತ್ತೆರಡು ಚೀಲಗಳ ಮಣ್ಣು ಕೆದಕಿ, ಮೊದಲ ಹತ್ತಕ್ಕೆ ಮೂಲಂಗಿ, ಮುಂದಿನ ಆರಕ್ಕೆ ಮೆಂತ್ಯ ಹಾಕಿದೆ. ಇಲ್ಲಿನ ತಮಿಳು ಲೆಕ್ಕದಲ್ಲಿ ಪುರಟ್ಟಾಸಿ ತಿಂಗಳು ಹುಟ್ಟಿ ನಾಲ್ಕು ದಿನವಾಯಿತು. ಮುಂದಿನ ತಿಂಗಳ ಮಳೆ ಹಿಡಿಯುವುದರೊಳಗೆ ಸಸಿ ಕಾಲೂರಬೇಕು. ಬೀಜ ಹಾಕುವಾಗ ಯಾರೂ ಹಾಜರಿ ಕೂಗಲಿಲ್ಲ. ಕೂಗುತ್ತಿದ್ದ ಎದುರು ಮನೆಯ ಮಾಮ ಈ ಆಡಿ ತಿಂಗಳಲ್ಲಿ ತೀರಿಕೊಂಡರು.

ಅವರು ಸೂಲೂರಿನ ಹೊರಗಿದ್ದ ಒಂದು ನೂಲಿನ ಗಿರಣಿಯಲ್ಲಿ ಮೂವತ್ತಾರು ವರ್ಷ ನೂಲು ಸುತ್ತುವ ವೈಂಡಿಂಗ್ ಖಾತೆಯ ಸೂಪರ್‌ವೈಸರ್ ಆಗಿದ್ದವರು. ಗಿರಣಿ ಮುಚ್ಚಿದ ಮೇಲೆ ಎರಡು ವರ್ಷ ಗೋಡೆಗೆ ಮುಖ ಮಾಡಿಕೊಂಡು ಮಲಗಿಬಿಟ್ಟಿದ್ದರು. ಜ್ವರವಿಲ್ಲ, ನೋವಿಲ್ಲ, ಸುಮ್ಮನೆ ಗೋಡೆ. ಊಟಕ್ಕೆ ಎದ್ದು, ತಟ್ಟೆ ತೊಳೆದಿಟ್ಟು, ಮತ್ತೆ ಗೋಡೆಗೆ ತಿರುಗುತ್ತಿದ್ದರು. ಕೊನೆಗೆ ಸೊಸೆ ಬೇಸತ್ತು ಒಂದು ಟೊಮೆಟೊ ಸಸಿ ತಂದು ತಲೆದಿಂಬಿನ ಪಕ್ಕ ಇಟ್ಟು, ‘ಮಾಮ, ಇದನ್ನ ಕೊಂಚ ನೋಡ್ಕೊಳ್ಳಿ’ ಅಂದಳಂತೆ. ಅವರು ಎದ್ದು ಕೂತು ಕೇಳಿದ ಮೊದಲ ಮಾತು: ‘ಇದು ಎಷ್ಟನೇ ತಾರೀಕು ಜಾಯಿನ್ ಆಯ್ತು?’

ಅಂದಿನಿಂದ ಮಹಡಿ ಗಿರಣಿಯಾಯಿತು. ಗಿಡಗಳನ್ನು ಅವರು ನೀರು, ಬಿಸಿಲು ನೋಡಿ ಇಡುತ್ತಿರಲಿಲ್ಲ, ಶಿಫ್ಟು ನೋಡಿ ಇಡುತ್ತಿದ್ದರು. ಸಿಹಿಗುಂಬಳದ ಹೂ ಬೆಳಗಾಗುವಷ್ಟರಲ್ಲಿ ಅರಳುತ್ತದೆ, ಅದು ಫಸ್ಟ್ ಶಿಫ್ಟು. ಹೀರೆಯ ಹೂ ಬಿಸಿಲು ಇಳಿದ ಮೇಲೆ, ಅದು ಸೆಕೆಂಡು. ಸೋರೆಯ ಬಿಳಿ ಹೂ ದೀಪ ಹಚ್ಚುವ ಹೊತ್ತಿಗೆ ಬಾಯಿ ಬಿಡುವುದರಿಂದ ಅದು ನೈಟ್ ಶಿಫ್ಟು, ಮೆಟ್ಟಿಲ ಹತ್ತಿರದ ಮೂಲೆ ಅದರದ್ದು. ಬದನೆ, ಟೊಮೆಟೊ, ಬೆಂಡೆ, ಸೊಪ್ಪು ಎಲ್ಲ ಜನರಲ್ ಶಿಫ್ಟು. ಬೆಳಿಗ್ಗೆ ಆರಕ್ಕೆ ಸೈಕಲ್ ಬೆಲ್ಲನ್ನು ಮೂರು ಸಲ ಒತ್ತಿ, ಸಾಲಿನ ಮುಂದೆ ನಿಂತು ನಂಬರು ಕೂಗುವರು. ಗಿಡ ಉತ್ತರ ಕೊಡುವಷ್ಟು ಹೊತ್ತು ಬಿಟ್ಟು ಮುಂದಿನ ನಂಬರು.

ಸಸಿ ಎಬ್ಬಿಸಲು ನೂಲು ಸುತ್ತುವ ಕಾಗದದ ಕೋನು. ತುದಿ ಕೆಳಗೆ ಮಾಡಿ ಮಣ್ಣು ತುಂಬಿ, ಹಾಗೆಯೇ ಚೀಲಕ್ಕೆ ಊರಿಬಿಟ್ಟರೆ ಕಾಗದ ಕರಗುತ್ತದೆ. ಮಣ್ಣಿನ ತೇವ ಆರದಂತೆ ಹೊದಿಸಲು ತಿರುಪ್ಪೂರಿನ ಬನಿಯನ್ ಕಂಪೆನಿಗಳಲ್ಲಿ ಕತ್ತರಿಸಿ ಬಿಸಾಡಿದ ಬಟ್ಟೆಯ ಚೂರು. ಒಂದು ವರ್ಷ ಮೊದಲ ಮಳೆಗೇ ಆ ಚೂರುಗಳ ಬಣ್ಣ ಇಳಿದು, ಕೊತ್ತಂಬರಿಯ ಬುಡವೆಲ್ಲ ನೀಲಿಯಾಗಿ, ಮೂಲಂಗಿ ಅಂಗಡಿಯ ಮಿಠಾಯಿಯ ಹಾಗೆ ಗುಲಾಬಿ ಆಯಿತು. ಅವರು ಒಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ, ‘ಶೇಡ್ ವೇರಿಯೇಷನ್ ಇದೆ, ಲಾಟ್ ರಿಜೆಕ್ಟ್’ ಎಂದು ಎಲ್ಲವನ್ನೂ ಹಸುವಿಗೆ ಹಾಕಿಸಿದರು. ಹಸು ಮೂಸಿ ನೋಡಿ ಆಚೆ ತಿರುಗಿತು.

ನನ್ನನ್ನು ಅವರು ಕರೆಯುತ್ತಿದ್ದದ್ದು ಮೈಸೂರಮ್ಮ ಎಂದು. ನಾನು ಕೊಳ್ಳೇಗಾಲದ ಕಡೆಯವಳು, ಈ ಊರಿಗೆ ಸೊಸೆಯಾಗಿ ಬಂದವಳು. ಘಾಟಿ ಇಳಿದು ಬಂದವರೆಲ್ಲ ಅವರ ಲೆಕ್ಕಕ್ಕೆ ಮೈಸೂರಿನವರೇ. ನಮ್ಮ ಬೀದಿಯ ಹದಿನೆಂಟು ಮನೆಗಳಲ್ಲಿ ಹದಿಮೂರು ಮನೆಯ ಒಳಮಾತು ಕನ್ನಡ. ತಲೆತಲಾಂತರದಿಂದ ಮಗ್ಗದ ಮುಂದೆ, ಒಲೆಯ ಮುಂದೆ ಆಡಿಕೊಂಡು ಬಂದ ಕನ್ನಡ. ಆದರೆ ಅದರ ಅಕ್ಷರ ಓದುವವಳು ನಾನೊಬ್ಬಳೇ. ಈ ಕಾರಣಕ್ಕೇ ಅವರು ನನ್ನನ್ನು ಮಹಡಿಯ ಗುಮಾಸ್ತೆ ಮಾಡಿಕೊಂಡರು. ಹಾಜರಿ ಪುಸ್ತಕವನ್ನು ತಮಿಳಿನಲ್ಲಿ ಅವರೇ ಬರೆಯುವರು. ಗಿಡಗಳ ನಡತೆಯ ಗುಟ್ಟಿನ ವರದಿಯನ್ನು ಮಾತ್ರ ನಾನು ಕನ್ನಡದಲ್ಲಿ ಬರೆಯಬೇಕು.

‘ಕಾನ್ಫಿಡೆನ್ಷಿಯಲ್ ಅಂದ್ರೆ ಹಿಂಗಿರಬೇಕು ಮೈಸೂರಮ್ಮ. ಯಾರ ಕೈಗೆ ಸಿಕ್ಕಿದ್ರೂ ಒಂದಕ್ಷರ ತಿಳೀಬಾರ್ದು.’

‘ನಿಮಗೂ ತಿಳಿಯಲ್ಲವಲ್ಲ ಮಾಮ.’

‘ಅದಕ್ಕೇ ನಾನು ಯಾರ ಪರಾನೂ ವಹಿಸಕ್ಕಾಗಲ್ಲ.’

ಹೀಗಾಗಿ ಬೆಂಡೆ ಸೋಮಾರಿ, ಅವರೆ ಪಕ್ಕದ ಸಾಲಿಗೆ ಕೈ ಚಾಚುತ್ತದೆ, ಪುದೀನ ಹೇಳಿದ ಮಾತು ಕೇಳುವುದಿಲ್ಲ ಎಂದೆಲ್ಲ ನಾನು ಬರೆದು, ತಿಂಗಳ ಕೊನೆಗೆ ಅವರಿಗೇ ಓದಿ ಹೇಳುತ್ತಿದ್ದೆ. ಅವರು ಮೊದಲ ಸಲ ಕೇಳುವವರ ಹಾಗೆ ಹುಬ್ಬೇರಿಸುತ್ತಿದ್ದರು.

ತಪ್ಪು ಮಾಡಿದ ಗಿಡಕ್ಕೆ ಮೆಮೊ. ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಯ ಹಿಂದೆ ಬರೆದು, ಮಳೆಗೆ ನೆನೆಯದಂತೆ ತೊಳೆದ ಹಾಲಿನ ಕವರಿನೊಳಗೆ ಹಾಕಿ, ಗಿಡದ ಕುತ್ತಿಗೆಗೆ ಕಟ್ಟುವರು. ಒಂದು, ಎರಡು, ಮೂರು. ಮೂರನೆಯದರ ಮರುದಿನ ಕಿತ್ತು ಹಾಕುವುದು. ದೂರದಿಂದ ನೋಡಿದ ಮೂಲೆಮನೆಯ ಹೆಂಗಸು ಇದು ದೃಷ್ಟಿಗೆ ಕಟ್ಟಿದ್ದೆಂದು ತಿಳಿದು ತನ್ನ ನುಗ್ಗೆಮರಕ್ಕೂ ಒಂದು ಖಾಲಿ ಹಾಲಿನ ಕವರು ಕಟ್ಟಿದಳು. ಆ ವರ್ಷ ನುಗ್ಗೆ ಚೆನ್ನಾಗಿ ಕಾಯಿತು.

ಈ ಮೆಮೊ ವಿಷಯ ನಮ್ಮ ಮನೆಯಲ್ಲಿ ನಗುವ ವಿಷಯವಾಗಿರಲಿಲ್ಲ. ನಮ್ಮ ಮನೆಯವರು ಅದೇ ಗಿರಣಿಯಲ್ಲಿ, ಅವರ ಕೈಕೆಳಗೆ, ವೈಂಡಿಂಗಿನಲ್ಲಿದ್ದವರು. ನೂಲು ಹರಿದಾಗ ಗಂಟು ಹಾಕಿ ಕೂಡಿಸುವುದು ಅವರ ಕೆಲಸ. ಗಂಟಿನ ಎರಡು ಬಾಲ ಗಿಡ್ಡವಿರಬೇಕು. ಉದ್ದವಾದರೆ ನೇಯುವಾಗ ಸಿಕ್ಕಿಕೊಳ್ಳುತ್ತದೆ. ಇವರ ಗಂಟಿಗೆ ಬಾಲ ಉದ್ದವಾಗುತ್ತಿತ್ತು. ಮೂರು ಮೆಮೊ ಬಂದವು, ಒಂದು ವಿಚಾರಣೆ ಆಯಿತು, ಕೆಲಸ ಹೋಯಿತು. ಸಹಿ ಎದುರು ಮನೆಯವರದ್ದೇ. ಆಮೇಲೆ ಇವರು ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪೆನಿಯ ಕಟಿಂಗ್ ಟೇಬಲ್ ಹಿಡಿದರು, ನಮ್ಮ ಜೀವನವೇನೂ ನಿಲ್ಲಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ದಿನವೂ ಅವರ ಬಾಗಿಲ ಮುಂದೆ ‘ವಣಕ್ಕಂ ಸಾರ್’ ಎಂದು ಹೇಳಿ ದಾಟುತ್ತಿದ್ದವರು, ಆ ಮನೆಯ ಒಂದು ಮೆಟ್ಟಿಲನ್ನೂ ತುಳಿದಿರಲಿಲ್ಲ. ನಾನು ಮಹಡಿಗೆ ಹೋಗುವುದಕ್ಕೆ ಬೇಡವೆನ್ನಲಿಲ್ಲ. ಹೋಗಿ ಬಂದ ಮೇಲೆ ಏನಾಯಿತೆಂದು ಕೇಳದೆಯೂ ಇರುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಪುರಟ್ಟಾಸಿಯಲ್ಲಿ ನನ್ನ ತವರಿನಿಂದ ಒಂದು ಬದನೆ ಸಸಿ ಬಂತು. ಮಹಡಿಯಲ್ಲಿ ಅದಕ್ಕೆ ನಲವತ್ತೊಂದನೇ ನಂಬರು ಸಿಕ್ಕಿತು. ಗಿಡ ಸೊಂಟದವರೆಗೆ ಬೆಳೆಯಿತು, ದಿನವೂ ನೇರಳೆ ಹೂ ಬಿಟ್ಟಿತು, ದಿನವೂ ಎಲ್ಲವನ್ನೂ ಉದುರಿಸಿತು.

‘ವೇಲೆ ಇಲ್ಲ, ಕೆಲಸಾನೇ ಇಲ್ಲ, ಬರೀ ಷೋಕು’ ಎಂದು ಅವರು ಮೊದಲ ಮೆಮೊ ಕಟ್ಟಿದರು. ಹತ್ತು ದಿನ ಬಿಟ್ಟು ಎರಡನೆಯದು. ರಾತ್ರಿ ಊಟಕ್ಕೆ ಕೂತಾಗ ಮನೆಯವರು ಕೇಳಿದರು, ‘ನಿನ್ ಬದನೆ ಏನಾಯ್ತು?’

‘ಎರಡಾಯ್ತು. ಶುಕ್ರವಾರ ಮೂರನೇದು ಕೊಡ್ತಾರಂತೆ.’

ಅವರು ಸಾರು ಕಲಸುವುದನ್ನು ನಿಲ್ಲಿಸಿದರು. ‘ಯಾಕೆ ಕಾಯಿ ಬಿಡ್ತಿಲ್ಲ ಅಂತ ಅದನ್ನ ಯಾರಾದ್ರೂ ಕೇಳಿದ್ರಾ?’

‘ಬದನೆ ಗಿಡಾನಾ?’

‘ಸರಿ, ಬಿಡು’ ಅಂದರು. ಆದರೆ ಅವರು ಬಿಡಲಿಲ್ಲ. ಗುರುವಾರ ಪಲ್ಲಡಂ ಸಂತೆಯಲ್ಲಿ ಇಳಿದು ಮೂರು ಎಳೆ ಬದನೆಕಾಯಿ ತಂದರು. ಸಾಂಬಾರಿಗೆಂದು ಎತ್ತಿಕೊಂಡರೆ ಕೈ ಹಿಡಿದರು. ಶುಕ್ರವಾರ ಬೆಳಿಗ್ಗೆ ಐದೂವರೆಗೆ, ಸೈಕಲ್ ಬೆಲ್ಲಿಗೆ ಮುಂಚೆ, ಇಪ್ಪತ್ತೆರಡು ವರ್ಷ ತುಳಿಯದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ, ಹಸಿರು ನೂಲಿನಿಂದ ಮೂರನ್ನೂ ನಲವತ್ತೊಂದನೇ ನಂಬರಿನ ಕೊಂಬೆಗೆ ಕಟ್ಟಿ ಬಂದರು. ನಾನು ಕೆಳಗೆ ರಂಗೋಲಿ ಹಾಕುವವಳ ಹಾಗೆ ಕಾವಲು ನಿಂತಿದ್ದೆ. ಹಾಕಿದ ಚುಕ್ಕಿಗಳು ಒಂದಕ್ಕೊಂದು ಸೇರಲೇ ಇಲ್ಲ.

ಆರು ಗಂಟೆಯ ಹಾಜರಿಯಲ್ಲಿ ನಲವತ್ತೊಂದು ಬಂತು. ಮಾಮ ಬಗ್ಗಿ, ಮೂರನೇ ಮೆಮೊ ಕಟ್ಟಲು ಕೊಂಬೆ ತಡಕಿದರು. ಕೈಗೆ ಕಾಯಿ ಸಿಕ್ಕಿತು. ಇನ್ನೊಂದು. ಮತ್ತೊಂದು.

‘ನೋಡಿದ್ಯಾ ಮೈಸೂರಮ್ಮ’ ಎಂದರು. ದನಿ ಗಂಭೀರವಾಗಿತ್ತು. ‘ಪೇಪರ್ ಮಾತಾಡ್ತದೆ. ಬಾಯಲ್ಲಿ ನೂರು ಸಲ ಹೇಳಿದ್ರೂ ಕೇಳಲ್ಲ. ಪೇಪರ್ ಕಂಡ್ರೆ ಕೇಳ್ತದೆ.’

ಒಂದೇ ಇರುಳಿನಲ್ಲಿ ಗೇಣುದ್ದದ ಮೂರು ಕಾಯಿ ಹೇಗೆ ಬಂದವು ಎಂದು ಅವರು ಯೋಚಿಸಲಿಲ್ಲ. ಹೆದರಿದರೆ ಬರುತ್ತದೆ ಎಂದೇ ಅವರ ನಂಬಿಕೆ. ಹಾಜರಿ ಪುಸ್ತಕದಲ್ಲಿ ಮೂರು ಎಂದು ಬರೆದರು. ಶನಿವಾರವೂ ಮೂರು ಎಂದು ಬರೆದರು. ಕ್ಷೌರದವನನ್ನೂ ಇಸ್ತ್ರಿಯವನನ್ನೂ ಮೇಲೆ ಕರೆಸಿ ತೋರಿಸಿದರು. ಇಸ್ತ್ರಿಯವನು ತೊಟ್ಟಿನ ನೂಲು ನೋಡಿ, ನನ್ನ ಮುಖ ನೋಡಿದ. ನಾನು ಮೋಡ ನೋಡಿದೆ.

ಭಾನುವಾರ ಕಾಯಿ ಸುಕ್ಕಾಯಿತು. ಅವರು ತೊಟ್ಟು ಹಿಡಿದು ಮೆಲ್ಲಗೆ ಬೆರಳು ಮೇಲೆ ಸರಿಸಿದರು. ಬೆರಳು ಒಂದು ಕಡೆ ನಿಂತಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗಂಟನ್ನು ಹೊರಳಿಸಿದರು, ಒಂದು ಬಾಲ ಎಳೆದರು, ಇನ್ನೊಂದು ಬಾಲ ಎಳೆದರು. ಕಣ್ಣು ಗಿಡದ ಮೇಲಿರಲಿಲ್ಲ, ಎಲ್ಲೋ ದೂರ ಗಿರಣಿಯ ಚಿಮಣಿಯ ಕಡೆ ಇತ್ತು.

‘ಅರ್ಧ ಇಂಚು’ ಅಂದರು. ‘ಇನ್ನೂ ಅಷ್ಟೇ ಇದೆ.’

ನಾನು ಬೈಗುಳಕ್ಕೆ ಕಾದೆ. ಅವರು ಕೇಳಿದ್ದು, ‘ನಿಮ್ ಮನೆಯವರು ಎಷ್ಟು ಹೊತ್ತಿಗೆ ಕಟ್ಟಿದ್ರು?’

‘ಶುಕ್ರವಾರ ಐದೂವರೆಗೆ ಮಾಮ.’

‘ಅಂದ್ರೆ ಎರಡು ದಿನ ನಾನು ಸಂತೆ ಕಾಯನ್ನ ಪ್ರೊಡಕ್ಷನ್ ಅಂತ ಎಂಟ್ರಿ ಹಾಕಿದೀನಿ.’ ಕುರ್ಚಿಯಲ್ಲಿ ಕೂತು ಕ್ಯಾಲೆಂಡರಿನ ಹಾಳೆ ಹರಿದರು. ನಾನು ನಲವತ್ತೊಂದಕ್ಕೆಂದುಕೊಂಡೆ. ಅದು ಅವರಿಗೇ.

ಅವರ ಹೆಸರಿಗೆ ಆಗಲೇ ಅವರೇ ಬರೆದುಕೊಂಡ ಎರಡು ಮೆಮೊ ಇದ್ದವು. ಒಂದು, ಮಂಡಿನೋವೆಂದು ಎರಡು ದಿನ ಹಾಜರಿಗೆ ಬಾರದಿದ್ದಕ್ಕೆ. ಇನ್ನೊಂದು, ಮೆಂತ್ಯಕ್ಕೆ ಒಂದೇ ದಿನ ಎರಡು ಸಲ ಗೊಬ್ಬರ ಹಾಕಿ ಸುಟ್ಟಿದ್ದಕ್ಕೆ. ಎರಡನ್ನೂ ಹಾಲಿನ ಕವರಿನಲ್ಲಿ ಹಾಕಿ ಅಂಗಿಯ ಗುಂಡಿಗೆ ಕಟ್ಟಿಕೊಂಡು ರೇಷನ್ ಅಂಗಡಿಗೂ ಹೋಗಿ ಬಂದಿದ್ದರು. ಈಗ ಮೂರನೆಯದು ಕಟ್ಟಿಕೊಂಡರು.

‘ರೂಲ್ಸ್ ಅಂದ್ರೆ ರೂಲ್ಸು’ ಎಂದು ಸೈಕಲ್ ಬೆಲ್ಲನ್ನು ನನ್ನ ಕೈಗಿಟ್ಟರು. ‘ಎನ್‌ಕ್ವೈರಿ ಆಗೋವರೆಗೂ ನಾನು ಸಸ್ಪೆಂಡು.’

ಅಂದು ಮಧ್ಯಾಹ್ನ ಅವರ ಸೊಸೆ ನಮ್ಮ ಮನೆಗೆ ಬಂದಳು. ಮಾಮ ಮತ್ತೆ ಗೋಡೆಗೆ ತಿರುಗಿ ಮಲಗಿದ್ದಾರೆ ಎಂದಳು. ಮಳೆ ಹಿಡಿದುಕೊಂಡಿತ್ತು, ಅವರೆ ಹೂ ಕಟ್ಟಿತ್ತು, ಅರವತ್ತೆರಡು ಚೀಲ ಮೇಲಿತ್ತು. ಆದರೆ ಅವಳಿಗೆ ಚೀಲದ ಚಿಂತೆ ಇರಲಿಲ್ಲ. ‘ಹೋದ ಸಲ ಎರಡು ವರ್ಷ ಆಯ್ತಕ್ಕ ಅವರನ್ನ ಎಬ್ಬಿಸೋಕೆ. ಈ ಸಲ ಎದ್ದೇಳೋ ವಯಸ್ಸಲ್ಲ’ ಎಂದಳು. ಹೋಗುವಾಗ ನಮ್ಮ ಮನೆಯವರಿಗೆ ಒಂದು ಚೀಟಿ ಕೊಟ್ಟಳು. ಮುಂದಿನ ಭಾನುವಾರ ಹತ್ತು ಗಂಟೆಗೆ ವಿಚಾರಣೆ, ವಿಚಾರಣಾಧಿಕಾರಿ ನೀನೇ ಎಂದು ಮಾಮ ಬರೆದಿದ್ದರು. ಕಾರಣವೂ ಇತ್ತು: ಎನ್‌ಕ್ವೈರಿ ಅಂದರೆ ಏನೆಂದು ನೋಡಿದವರು ಈ ಬೀದಿಯಲ್ಲಿ ನೀನೊಬ್ಬನೇ ಉಳಿದಿದ್ದೀಯ.

ಆ ವಾರ ಮನೆಯವರಿಗೆ ಊಟ ಸೇರಲಿಲ್ಲ. ‘ಬಿಟ್ಬಿಡಿ ಅವರನ್ನ, ತಪ್ಪಿಲ್ಲ ಅಂತ ಹೇಳಿ’ ಎಂದೆ.

‘ಸುಮ್ನೆ ಬಿಟ್ರೆ ಅವರು ನಂಬಲ್ಲ. ನಾಳೆನೇ ಇನ್ನೊಂದು ಮೆಮೊ ಬರ್ಕೊಳ್ತಾರೆ.’

‘ಹಂಗಾದ್ರೆ ತಪ್ಪು ಅನ್ನಿ.’

‘ಅಂದ್ರೆ ಮಲಗೇ ಇರ್ತಾರೆ.’ ತಟ್ಟೆ ಪಕ್ಕಕ್ಕೆ ಸರಿಸಿ, ‘ಇಪ್ಪತ್ತೆರಡು ವರ್ಷ ಯೋಚನೆ ಮಾಡಿದೀನಿ, ಆ ಮನುಷ್ಯ ನನ್ನ ಮುಂದೆ ನಿಲ್ಲಬೇಕು ಅಂತ. ಈಗ ನಿಲ್ತಾರೆ. ಆದ್ರೆ ಬದನೆಕಾಯಿಗೆ ನಿಲ್ತಾರಲ್ಲ’ ಅಂದರು.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಈ ಸಲ ಚಪ್ಪಲಿ ಮೆಟ್ಟಿ, ಶಬ್ದ ಮಾಡಿಕೊಂಡು ಮೆಟ್ಟಿಲು ಹತ್ತಿದರು. ಮಗುಚಿದ ಬಕೆಟ್ಟಿನ ಮೇಲೆ ಕೂತರು. ನಾನು ಪುಸ್ತಕ ಹಿಡಿದು ಕೂತೆ. ಮಾಮ ಅಂಗಿಯಲ್ಲಿ ಮೂರು ಹಾಲಿನ ಕವರು ನೇತಾಡಿಸಿಕೊಂಡು ಬಂದು ನಿಂತರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ‘ಆಪಾದಿತ ಕೂರಬಾರ್ದು’ ಅಂದರು.

‘ಕಾಯಿ ಕಟ್ಟಿದ್ದು ನಾನು ಸಾರ್’ ಎಂದರು ಮನೆಯವರು.

‘ಅದು ಈ ಕೇಸಿಗೆ ಸೇರಲ್ಲ. ನಾನು ನೋಡ್ಲಿಲ್ಲ ಅನ್ನೋದೇ ಕೇಸು. ಮುಂದಿನ ಪ್ರಶ್ನೆ ಕೇಳು.’

ಮನೆಯವರಿಗೆ ಮುಂದಿನ ಪ್ರಶ್ನೆ ಬಾಯಿಪಾಠವಿತ್ತು. ‘ನಿಮ್ಮ ಕಡೆಯಿಂದ ಹೇಳೋದು ಏನಾದ್ರೂ ಉಂಟಾ?’

‘ಇಲ್ಲ.’

‘ಅವತ್ತು ನಾನೂ ಇಲ್ಲ ಅಂದೆ.’

‘ಗೊತ್ತು. ಆಮೇಲೂ ಹತ್ತು ನಿಮಿಷ ಕಾದೆ.’

‘ಕಾದ್ರಾ?’

‘ಏನಾದ್ರೂ ಒಂದು ಹೇಳ್ತೀಯ ಅಂತ ಫ್ಯಾನ್ ನೋಡ್ಕೊಂಡು ಕೂತಿದ್ದೆ. ಅಮ್ಮನಿಗೆ ಹುಷಾರಿಲ್ಲ, ಹೆಂಡ್ತಿ ಹೆರಿಗೆ, ಏನೋ ಒಂದು. ನೀನು ಬಾಯೇ ಬಿಡ್ಲಿಲ್ಲ. ಏನ್ ಬರ್ಕೊಳ್ಳೋದು ನಾನು?’

ಮನೆಯವರು ಗಡಿಯಾರ ನೋಡಿದರು. ‘ಸರಿ. ನಾನೂ ಹತ್ತು ನಿಮಿಷ ಕಾಯ್ತೀನಿ.’

ಹತ್ತು ನಿಮಿಷ ಅಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಕುಕ್ಕರು ನಾಲ್ಕು ಸಲ ಕೂಗಿತು. ಏರ್‌ಫೋರ್ಸ್‌ನ ವಿಮಾನವೊಂದು ಬೀದಿಯ ತಗಡುಗಳನ್ನೆಲ್ಲ ನಡುಗಿಸಿಕೊಂಡು ಹೋಯಿತು. ಕಾಗೆಯೊಂದು ಬಂದು ಬೆಂಡೆ ಗಿಡದ ಮೆಮೊ ಕಿತ್ತುಕೊಂಡು ಹಾರಿತು. ಮಾಮ ಕಾಲು ಬದಲಿಸಿದಾಗಲೆಲ್ಲ ಹಾಲಿನ ಕವರುಗಳು ಸದ್ದು ಮಾಡುತ್ತಿದ್ದವು.

‘ಕಣ್ಣು ಕಾಣಲ್ಲಪ್ಪ’ ಎಂದರು ಕೊನೆಗೆ. ‘ಆರು ತಿಂಗಳಾಯ್ತು. ಎಲೆ ಯಾವುದು, ಕಾಯಿ ಯಾವುದು ತಿಳಿಯಲ್ಲ. ಎಣಿಸೋದೆಲ್ಲ ಕೈಯಲ್ಲಿ ಮುಟ್ಟಿ. ಹೇಳಿದ್ರೆ ಮೇಲೆ ಹತ್ತೋಕೆ ಬಿಡಲ್ಲ ಅಂತ ಹೇಳ್ಲಿಲ್ಲ.’

ಮನೆಯವರು ಬಕೆಟ್ಟಿನಿಂದ ಎದ್ದರು. ‘ಬರ್ಕೋ’ ಎಂದರು ನನಗೆ. ಅವರು ಹೇಳಿದಂತೆ ನಾನು ಬರೆದುಕೊಂಡೆ. ಬರೆದದ್ದನ್ನು ಅವರಿಬ್ಬರೂ ಓದಲಾರರು, ಆದ್ದರಿಂದ ಗಟ್ಟಿಯಾಗಿ ಓದಿ ಹೇಳಿದೆ: ‘ತಪ್ಪು ಸಾಬೀತಾಗಿದೆ. ಸೂಪರ್‌ವೈಸರ್ ಕೆಲಸದಿಂದ ಇವತ್ತಿಗೆ ವಜಾ. ನಾಳೆಯಿಂದ ಅದೇ ಮಹಡಿಗೆ ಬದಲಿ ಆಳಾಗಿ ತೆಗೆದುಕೊಳ್ಳಲಾಗಿದೆ. ಬದಲಿ ಆಳಿಗೆ ಹಾಜರಿ ಇಲ್ಲ, ಲೆಕ್ಕ ಕೊಡುವ ಕೆಲಸವಿಲ್ಲ. ಆದಾಗ ಬರುವುದು, ಆದಷ್ಟು ಮಾಡುವುದು.’

ಖಾಯಂ ಆಳು ಬಾರದ ದಿನ ಗೇಟಿನ ಹೊರಗೆ ನಿಂತು ಕೂಗಿದರೆ ಒಳಗೆ ಬರುವವನು ಬದಲಿ. ಗಿರಣಿಯಲ್ಲಿ ಅವನಿಗಿಂತ ಕೆಳಗೆ ಇನ್ನಾರೂ ಇಲ್ಲ. ಮಾಮನ ಮುಖ ಕೆಂಪಾಯಿತು.

‘ಬದಲೀನಾ? ಮೂವತ್ತಾರು ವರ್ಷ ಪರ್ಮನೆಂಟ್ ಇದ್ದವನನ್ನ?’

‘ಬೇಡಾಂದ್ರೆ ಹೇಳಿ ಸಾರ್. ಬೇರೆ ಆಳು ನೋಡ್ತೀನಿ.’

ಮಾಮ ಅಂಗಿಯ ಕವರುಗಳನ್ನು ಒಂದೊಂದಾಗಿ ಬಿಚ್ಚಿದರು. ಮೂರನೆಯ ಗಂಟು ಬಿಚ್ಚಲು ಬಾರದೆ ಮನೆಯವರೇ ಬಿಚ್ಚಿಕೊಟ್ಟರು.

‘ಯಾವ ಶಿಫ್ಟು?’ ಎಂದರು ಮಾಮ.

ಹೀಗೆ ಅವರು ಮತ್ತೆ ಹತ್ತಿರಹತ್ತಿರ ನಾಲ್ಕು ವರ್ಷ, ತೀರಿಕೊಳ್ಳುವ ಹಿಂದಿನ ವಾರದವರೆಗೂ, ಮಹಡಿಗೆ ಬಂದರು. ಆ ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಕಣ್ಣಿನ ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ದಿನ ಮೇಲೆ ಬಂದು ಸುತ್ತ ನೋಡಿ, ‘ಇಷ್ಟು ಕೊಳಕಾಗಿ ಇಟ್ಕೊಂಡಿದೀರಾ’ ಎಂದರು. ನಲವತ್ತೊಂದು ಕಾಯಿ ಬಿಡಲೇ ಇಲ್ಲ. ಅದರ ಕೇಸು ಯಾರೂ ಮುಂದಕ್ಕೆ ತೆಗೆದುಕೊಳ್ಳದೆ, ಗಿಡ ತಾನಾಗಿ ಒಣಗುವವರೆಗೆ ಹೂ ಬಿಟ್ಟುಕೊಂಡು ನಿಂತಿತ್ತು.

ವಿಚಾರಣೆ ಮುಗಿದ ಆ ಭಾನುವಾರದ ಸಂಜೆ ಮಳೆ ಬಿಟ್ಟಿತ್ತು. ನಾಳೆಯಿಂದ ಎಂದರೂ ಕೇಳದೆ ಮಾಮ ಅಂದೇ ನೈಟ್ ಶಿಫ್ಟಿಗೆ ಬಂದು ಸೋರೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡರು. ನಾನು ಅಕ್ಕಿಬೇಳೆ ಅನ್ನ ಮಾಡಿ, ಮೇಲೆ ತುಪ್ಪ ಹಾಕಿ, ಸುಟ್ಟ ಹಪ್ಪಳ ಜೊತೆಗಿಟ್ಟು ಮಹಡಿಗೇ ತಂದೆ. ಮನೆಯವರು ಆ ವಾರದಲ್ಲಿ ಮೊದಲ ಬಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮಾಮನಿಗೆ ಮಜ್ಜಿಗೆ ಬಡಿಸೋಣವೆಂದು ತಿರುಗಿದರೆ, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ತಲೆ ವಾಲಿಸಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಗಂಟೆ ಏಳೂ ಕಾಲು. ಶಿಫ್ಟು ಶುರುವಾಗಿ ಹದಿನೈದು ನಿಮಿಷ.

‘ಡ್ಯೂಟಿಯಲ್ಲಿ ನಿದ್ದೆ’ ಎಂದೆ ನಾನು, ಪುಸ್ತಕ ಎಳೆದುಕೊಂಡು.

‘ಬದಲಿಗೆ ಮೆಮೊ ಇಲ್ಲ’ ಎಂದು ಮನೆಯವರು ಎದ್ದು, ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡು, ತೊಳೆಯಲು ಹೋದರು.